ಊರಿಗೆ ಬಂದವರು ನೀರಿಗೆ ಬಾರರೆ?

“ಊರಿಗೆ ಬಂದವಳು ನೀರಿಗೆ ಬಾರದಿರುವಳೆ?” ಎಂಬ ಗಾದೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಹೊಸದಾಗಿ ಊರು ಸೇರಿದವಳನ್ನು ಇಂದಲ್ಲದಿದ್ದರೆ ನಾಳೆ ಬಾವಿಕಟ್ಟೆಯ ಬಳಿ ಕಂಡೇ ಕಾಣುತ್ತೇವೆ, ಆತುರವೇಕೆ, ಎಂಬುದು ಆ ಮಾತಿನ ವಾಡಿಕೆಯ ಅರ್ಥ. ಆದರೆ ಸಾಂಕ್ರಾಮಿಕ ರೋಗಗಳ ಶಾಸ್ತ್ರವನ್ನು ಬಲ್ಲವರಿಗೆ ಇದರಲ್ಲಿ ಮತ್ತೊಂದು ಅರ್ಥವೂ ಹೊಳೆಯುತ್ತದೆ. ಊರಿಗೆ ಬಂದವರು ಊರಿನ ನೀರನ್ನೇ ಕುಡಿಯುತ್ತಾರೆ. ಊರಿನ ಗಾಳಿಯನ್ನೇ ಉಸಿರಾಡುತ್ತಾರೆ. ಊರಿನ ಸಂತೆಯಲ್ಲಿ ನಮ್ಮ ಪಕ್ಕದಲ್ಲಿಯೇ ನಿಂತು ಸೊಪ್ಪು ಕೊಳ್ಳುತ್ತಾರೆ. ನೀರು, ಗಾಳಿ, ಸಂತೆ ಇವೆಲ್ಲವೂ ಹಂಚಿಕೆಯಾಗಿರುವಾಗ ಊರಿನ ಆಸ್ಪತ್ರೆಯ ಬಾಗಿಲೊಂದು ಮಾತ್ರ ಅವರ ಪಾಲಿಗೆ ಮುಚ್ಚಿದ್ದರೆ ಏನಾದೀತು? ಆ ನಷ್ಟ ಬಂದವರದು ಮಾತ್ರವೆ, ಅಥವಾ ಇದ್ದವರದೂ ಹೌದೆ?

ಪಿಡುಗಿನ ಕಾಲದಲ್ಲಿ ಪರಸ್ಥಳದವರಿಗೆ ವೈದ್ಯಸಹಾಯ ಕೊಡುವುದು ದಯೆಯ ವಿಷಯವೆಂದು ಅನೇಕರು ಭಾವಿಸಿದ್ದಾರೆ. ದಯೆ ದೊಡ್ಡ ಗುಣವೇ ಸರಿ. ಆದರೆ ಇಲ್ಲಿ ದಯೆಗಿಂತ ಮೊದಲು ಲೆಕ್ಕಾಚಾರವೊಂದಿದೆ. ಆ ಲೆಕ್ಕವನ್ನು ಮಂಡ್ಯ, ಮದ್ದೂರು, ಮಳವಳ್ಳಿಗಳ ಸೀಮೆಯನ್ನು ಮುಂದಿಟ್ಟುಕೊಂಡು, ಹೊರಜಗತ್ತಿನ ಒಂದೆರಡು ನಿದರ್ಶನಗಳೊಡನೆ ಹೋಲಿಸಿ ನೋಡುವುದು ನಮ್ಮ ಉದ್ದೇಶ.

ಬರುವವರು ಯಾರು?

ಹೊರಗಿನಿಂದ ಬಂದವರೆಲ್ಲರೂ ಒಂದೇ ಬಗೆಯವರಲ್ಲ. ಪ್ರಾಣಭಯದಿಂದ ಸ್ವದೇಶವನ್ನು ತೊರೆದು ಗಡಿ ದಾಟಿದವರು ನಿರಾಶ್ರಿತರು. ಹೊಟ್ಟೆಪಾಡಿಗಾಗಿ ನಾಡಿನೊಳಗೆಯೇ ಊರಿಂದೂರಿಗೆ ಹೋಗುವವರು ವಲಸೆಗಾರರು. ಹೀಗೆ ಹೋದವರು ಕಷ್ಟಕಾಲದಲ್ಲಿ ಹುಟ್ಟೂರಿಗೆ ಹಿಂದಿರುಗಿದಾಗ ಸ್ವಂತ ಊರಿನಲ್ಲಿಯೇ ಪರಕೀಯರಾಗಿ ಕಾಣುವುದುಂಟು. ಇವರದು ಮೂರನೆಯ ಬಗೆ. ಕಾಯಿದೆಯ ಕಣ್ಣಿಗೆ ಈ ಮೂವರೂ ಬೇರೆ ಬೇರೆ. ರೋಗಾಣುವಿಗೆ ಮಾತ್ರ ಈ ಭೇದ ತಿಳಿಯದು.

ವಿಶ್ವಸಂಸ್ಥೆಯ ನಿರಾಶ್ರಿತರ ಶಾಖೆಯ ಎಣಿಕೆಯಂತೆ ೨೦೨೦ರ ಕೊನೆಗೆ ಜಗತ್ತಿನಲ್ಲಿ ಬಲಾತ್ಕಾರವಾಗಿ ಮನೆಮಠ ತೊರೆದವರ ಸಂಖ್ಯೆ ೮ ಕೋಟಿ ೨೪ ಲಕ್ಷ. ಇವರಲ್ಲಿ ಗಡಿ ದಾಟಿದವರ ಪೈಕಿ ನೂರಕ್ಕೆ ೮೫ಕ್ಕಿಂತ ಹೆಚ್ಚು ಮಂದಿಗೆ ನೆರಳು ಕೊಟ್ಟದ್ದು ಸಿರಿವಂತ ದೇಶಗಳಲ್ಲ; ತಮ್ಮ ಜನರಿಗೇ ಸಾಕಷ್ಟು ಆಸ್ಪತ್ರೆಗಳಿಲ್ಲದ ಬಡ ಮತ್ತು ಮಧ್ಯಮ ದೇಶಗಳು. ಆದುದರಿಂದ ನಿರಾಶ್ರಿತರ ಆರೋಗ್ಯದ ಪ್ರಶ್ನೆಯನ್ನು ಎತ್ತಿದೊಡನೆ ಆಶ್ರಯ ಕೊಟ್ಟವರ ಆರೋಗ್ಯದ ಪ್ರಶ್ನೆಯೂ ಅದರ ಜೊತೆಯಲ್ಲಿಯೇ ಏಳುತ್ತದೆ.

ನಮ್ಮ ನಾಡಿಗೂ ಇದು ಹೊಸದಲ್ಲ. ಟಿಬೆಟಿನಿಂದ ಬಂದ ನಿರಾಶ್ರಿತರಿಗಾಗಿ ೧೯೬೦ರಲ್ಲಿ ಆಗಿನ ಮೈಸೂರು ರಾಜ್ಯವು ಬೈಲುಕುಪ್ಪೆಯಲ್ಲಿ ನೆಲ ಕೊಟ್ಟಿತು. ಮದ್ದೂರಿನಿಂದ ಮಳವಳ್ಳಿಯ ಮೇಲೆ ಕೊಳ್ಳೇಗಾಲಕ್ಕೆ ಹೋಗುವ ದಾರಿಯನ್ನು ಹಿಡಿದು ಹನೂರಿನಿಂದಾಚೆಗೆ ಸಾಗಿದರೆ ಒಡೆಯರಪಾಳ್ಯದಲ್ಲಿ ೧೯೭೦ರ ದಶಕದಲ್ಲಿ ನೆಲೆಗೊಂಡ ಮತ್ತೊಂದು ಟಿಬೆಟನ್ ನೆಲೆಯಿದೆ. ಪೂರ್ವ ಬಂಗಾಳದಿಂದ ಬಂದ ಕುಟುಂಬಗಳು ರಾಯಚೂರು ಜಿಲ್ಲೆಯ ಸಿಂಧನೂರಿನ ಬಳಿ ನೆಲಸಿವೆ.

ಮಂಡ್ಯ ಜಿಲ್ಲೆಯ ವಿಷಯಕ್ಕೆ ಬಂದರೆ, ೨೦೧೧ರ ಜನಗಣತಿಯ ಪ್ರಕಾರ ಇಲ್ಲಿನ ಜನಸಂಖ್ಯೆ ೧೮,೦೫,೭೬೯. ಈ ಅಂಕಿಯಲ್ಲಿ ಸೇರದವರು ಮತ್ತೆಷ್ಟೋ ಮಂದಿ. ಕಬ್ಬು ಕಡಿಯುವ ಕಾಲಕ್ಕೆ ಬಯಲುಸೀಮೆಯ ಜಿಲ್ಲೆಗಳಿಂದ ಗಾಡಿ, ಲಾರಿಗಳಲ್ಲಿ ಸಂಸಾರ ಸಮೇತ ಕೂಲಿಗಳು ಬರುತ್ತಾರೆ. ಆಲೆಮನೆಗಳ ಕೊಪ್ಪರಿಗೆಗಳ ಮುಂದೆ ಉತ್ತರ ಪ್ರದೇಶದ ಕೆಲಸಗಾರರು ನಿಂತಿರುವುದನ್ನು ಕಾಣಬಹುದು. ಮದ್ದೂರು, ಮಂಡ್ಯಗಳನ್ನು ಹಾದುಹೋಗುವ ಬೆಂಗಳೂರು–ಮೈಸೂರು ಹೆದ್ದಾರಿಯನ್ನು ಅಗಲ ಮಾಡಿ ೨೦೨೩ರ ಮಾರ್ಚಿಯಲ್ಲಿ ಗೆಜ್ಜಲಗೆರೆಯ ಬಳಿ ಉದ್ಘಾಟಿಸಿದಾಗ, ಅದರ ಹಿಂದೆ ದೂರದ ರಾಜ್ಯಗಳಿಂದ ಬಂದ ಕೆಲಸಗಾರರ ದುಡಿಮೆ ಇತ್ತು. ಇತ್ತ ಜಿಲ್ಲೆಯ ಮಕ್ಕಳೂ ಹೊರಗೆ ಹೋಗುತ್ತಾರೆ. ಕೃಷ್ಣರಾಜಪೇಟೆ, ನಾಗಮಂಗಲದ ಕಡೆಯವರು ಮುಂಬಯಿಯಲ್ಲಿ ಬದುಕು ಕಟ್ಟಿಕೊಂಡಿರುವುದು ಬಹುಕಾಲದ ಸಂಗತಿ.

ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಬಯಲುನಾಡಿನಲ್ಲಿ ೩೦,೦೦೦ ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, ೫,೦೦೦ ಜನಕ್ಕೆ ಒಂದು ಉಪಕೇಂದ್ರ ಎಂಬುದು ಸರ್ಕಾರದ ಕಟ್ಟಳೆ. ಔಷಧಿ, ಲಸಿಕೆ, ಸಿಬ್ಬಂದಿ ಎಲ್ಲವನ್ನೂ ಎಣಿಕೆಯಾದ ತಲೆಗಳಿಗೆ ಅಳೆದು ಹಂಚಲಾಗುತ್ತದೆ. ಎಣಿಕೆಗೆ ಸಿಕ್ಕದ ತಲೆಗೆ ಪಾಲೂ ಇಲ್ಲ.

ಹತ್ತು ಮಂದಿಯ ಲೆಕ್ಕ

ಈಗ ರೋಗ ಹರಡುವ ಗಣಿತವನ್ನು ಸ್ವಲ್ಪ ನೋಡೋಣ. ಒಬ್ಬ ರೋಗಿ, ಯಾವ ತಡೆಯೂ ಇಲ್ಲದ ಸಮಾಜದಲ್ಲಿ, ಸರಾಸರಿ ಎಷ್ಟು ಮಂದಿಗೆ ರೋಗವನ್ನು ಅಂಟಿಸುತ್ತಾನೆಂಬುದಕ್ಕೆ ಪ್ರಸರಣ ಸಂಖ್ಯೆಯೆಂದು ಹೆಸರು. ೨೦೨೦ರ ಮೊದಲಲ್ಲಿ ಹಬ್ಬಿದ ಕೊರೋನಾ ವೈರಸ್ಸಿಗೆ ಈ ಸಂಖ್ಯೆ ೨ರಿಂದ ೩ರ ನಡುವೆ ಇತ್ತು. ಲೆಕ್ಕಕ್ಕಾಗಿ ಎರಡೂವರೆ ಎಂದಿಟ್ಟುಕೊಳ್ಳೋಣ. ಒಬ್ಬರಿಂದ ಇನ್ನೊಬ್ಬರಿಗೆ ದಾಟಲು ಸುಮಾರು ಐದು ದಿನ. ಊರಿನಲ್ಲಿ ೧೦ ಮಂದಿ ಸೋಂಕಿನವರಿದ್ದಾರೆ. ಯಾರೂ ವೈದ್ಯರ ಬಳಿಗೆ ಹೋಗುವುದಿಲ್ಲ. ಐದು ದಿನ ಕಳೆದರೆ ಹೊಸಬರು ೨೫, ಹತ್ತು ದಿನಕ್ಕೆ ೬೨, ಹದಿನೈದಕ್ಕೆ ೧೫೬, ಇಪ್ಪತ್ತಕ್ಕೆ ೩೯೦, ಇಪ್ಪತ್ತೈದನೆಯ ದಿನಕ್ಕೆ ಹೆಚ್ಚುಕಡಿಮೆ ಒಂದು ಸಾವಿರ.

ಅದೇ ಹತ್ತು ಮಂದಿ ಜ್ವರ ಕಂಡೊಡನೆ ಆಸ್ಪತ್ರೆಗೆ ಹೋದರೆನ್ನಿ. ಪರೀಕ್ಷೆಯಾಗಿ, ಅವರನ್ನೂ ಅವರ ಜೊತೆಯವರನ್ನೂ ಬೇರೆಯಿರಿಸಿದ್ದರಿಂದ ಪ್ರಸರಣ ಸಂಖ್ಯೆ ಎರಡೂವರೆಯಿಂದ ೦.೮ಕ್ಕೆ ಇಳಿಯಿತೆಂದು ಭಾವಿಸಿ. ಆಗ ಹೊಸ ರೋಗಿಗಳು ಕ್ರಮವಾಗಿ ೮, ೬, ೫, ೪. ಇಪ್ಪತ್ತೈದನೆಯ ದಿನಕ್ಕೆ ಮೂವರು. ಸಾವಿರಕ್ಕೂ ಮೂರಕ್ಕೂ ನಡುವಣ ಅಂತರ ಹುಟ್ಟಿದ್ದು ಯಾವುದೋ ದಿವ್ಯೌಷಧಿಯಿಂದಲ್ಲ. ರೋಗಿ ಬೇಗ ಬಂದು ತೋರಿಸಿಕೊಂಡದ್ದರಿಂದ. ಪಿಡುಗನ್ನು ಅಡಗಿಸುವ ಮೊದಲ ಕೆಲಸವನ್ನು ಮಾಡುವವನು ವೈದ್ಯನಲ್ಲ, ತಾನಾಗಿ ಬಾಗಿಲು ತಟ್ಟುವ ರೋಗಿ. ಆ ಬಾಗಿಲಿನಲ್ಲಿ ಅವನನ್ನು ಗದರಿಸಿ ಕಳುಹಿಸಿದೆವೆಂದರೆ ನಮ್ಮ ಕಾವಲುಗಾರನನ್ನು ನಾವೇ ಓಡಿಸಿದಂತೆ.

ಇನ್ನೊಂದು ಲೆಕ್ಕ. ಪ್ರಸರಣ ಸಂಖ್ಯೆ ಎರಡೂವರೆಯಾದರೆ ನೂರಕ್ಕೆ ೬೦ ಮಂದಿಗೆ ರೋಗನಿರೋಧ ಶಕ್ತಿ ಬಂದ ಮೇಲೆ ರೋಗ ಇಳಿಮುಖವಾಗಬೇಕೆಂಬುದು ಸೂತ್ರ. ಒಂದು ಹಳ್ಳಿಯಲ್ಲಿ ಊರಿನವರು ೯೦೦, ಆಲೆಮನೆ ಮತ್ತು ಇಟ್ಟಿಗೆ ಗೂಡುಗಳ ಕೆಲಸಗಾರರು ೧೦೦ ಎಂದುಕೊಳ್ಳಿ. ಊರಿನವರಲ್ಲಿ ೬೩೦ ಮಂದಿಗೆ ನಿರೋಧ ಶಕ್ತಿ ಬಂದಿದೆ, ಕೆಲಸಗಾರರಲ್ಲಿ ಒಬ್ಬರಿಗೂ ಬಂದಿಲ್ಲ. ಒಟ್ಟಾರೆ ನೋಡಿದರೆ ನೂರಕ್ಕೆ ೬೩. ಕಾಗದದ ಮೇಲೆ ಹಳ್ಳಿ ಗೆದ್ದಿತು. ಆದರೆ ಒಂದೊಂದು ಜೋಪಡಿಯಲ್ಲಿ ಎಂಟು ಹತ್ತು ಜನರಂತೆ ಒತ್ತೊತ್ತಾಗಿ ಮಲಗುವ ಆ ನೂರು ಮಂದಿಯ ನಡುವೆ ರೋಗಕ್ಕೆ ಯಾವ ತಡೆಯೂ ಇಲ್ಲ. ಅಲ್ಲಿ ಅದು ಮೊದಲ ದಿನದ ವೇಗದಲ್ಲಿಯೇ ಹಬ್ಬುತ್ತದೆ. ಬೂದಿ ಮುಚ್ಚಿದ ಕೆಂಡದಂತೆ ಅಲ್ಲಿ ಉಳಿದುಕೊಂಡು, ನಿರೋಧ ಶಕ್ತಿಯಿಲ್ಲದ ೨೭೦ ಮಂದಿ ಊರಿನವರ ಕಡೆಗೆ, ಅಂದರೆ ನಮ್ಮ ಮನೆಯ ವೃದ್ಧರು, ಬಾಣಂತಿಯರು, ಸಕ್ಕರೆ ಕಾಯಿಲೆಯವರು ಇವರ ಕಡೆಗೆ, ಮತ್ತೆ ಮತ್ತೆ ಕಿಡಿ ಹಾರಿಸುತ್ತಿರುತ್ತದೆ. ಕೊರೋನಾ ಲಸಿಕೆಯು ಸೋಂಕನ್ನು ಪೂರ್ತಿಯಾಗಿ ತಡೆಯುವುದಿಲ್ಲವಾದ್ದರಿಂದ ನಿಜಜೀವನದಲ್ಲಿ ಈ ಲೆಕ್ಕ ಇನ್ನೂ ಬಿಗಿಯಾಗುತ್ತದೆಯೇ ಹೊರತು ಸಡಿಲವಾಗುವುದಿಲ್ಲ. ಸರಾಸರಿಯೆಂಬುದು ಪಿಡುಗಿನ ಕಾಲದಲ್ಲಿ ನಂಬಲರ್ಹವಾದ ಮಿತ್ರನಲ್ಲ.

ಇದು ಬರಿಯ ಊಹೆಯೆನ್ನುವವರು ಸಿಂಗಪುರದ ಕಥೆಯನ್ನು ಕೇಳಬೇಕು. ೨೦೨೦ರ ಮೊದಲ ತಿಂಗಳುಗಳಲ್ಲಿ ಆ ನಗರವು ರೋಗಿಗಳನ್ನು ಹುಡುಕಿ ಬೇರೆಯಿರಿಸುವುದರಲ್ಲಿ ಜಗತ್ತಿನ ಮೆಚ್ಚುಗೆ ಪಡೆದಿತ್ತು. ಆದರೆ ಹೊರದೇಶಗಳಿಂದ ಬಂದ ಸುಮಾರು ೩,೨೩,೦೦೦ ಕೂಲಿಗಾರರು ಒಂದೇ ಕೋಣೆಯಲ್ಲಿ ಅನೇಕರಂತೆ ವಾಸವಾಗಿದ್ದ ವಸತಿಗೃಹಗಳ ಕಡೆಗೆ ಸಾಕಷ್ಟು ಗಮನ ಹರಿದಿರಲಿಲ್ಲ. ಏಪ್ರಿಲಿನಲ್ಲಿ ರೋಗ ಅಲ್ಲಿ ಸ್ಫೋಟಿಸಿತು. ವರ್ಷದ ಕೊನೆಗೆ ರಕ್ತಪರೀಕ್ಷೆಗಳನ್ನೂ ಸೇರಿಸಿ ನೋಡಿದಾಗ ಆ ಕೂಲಿಗಾರರಲ್ಲಿ ನೂರಕ್ಕೆ ೪೭ ಮಂದಿಗೆ ಸೋಂಕು ತಗುಲಿದುದು ಕಂಡುಬಂದಿತು. ಹಣ, ವಿಜ್ಞಾನ, ಶಿಸ್ತು ಮೂರೂ ಇದ್ದ ನಗರಕ್ಕೆ ಹೀಗಾಯಿತು. ಕಾರಣ, ಕಾವಲು ಇಲ್ಲದೆ ಉಳಿದ ಒಂದೇ ಒಂದು ಮೂಲೆ.

೨೦೨೦ರಲ್ಲಿ ಮಂಡ್ಯ ಕಂಡದ್ದು

೨೦೨೦ರ ಮಾರ್ಚ್ ೨೫ರಿಂದ ದೇಶದಾದ್ಯಂತ ಸಂಚಾರ ನಿಂತಿತು. ೧೮೯೭ರಲ್ಲಿ ಪ್ಲೇಗು ಬಂದಾಗ ಬ್ರಿಟಿಷರು ಮಾಡಿದ್ದ ಸಾಂಕ್ರಾಮಿಕ ರೋಗಗಳ ಕಾಯಿದೆಯೇ ಆಗಲೂ ಸರ್ಕಾರಗಳ ಕೈಯ ಆಯುಧವಾಯಿತು. ಏಪ್ರಿಲಿನಲ್ಲಿ ಮಂಡ್ಯ ಜಿಲ್ಲೆಯ ಮೊದಲ ಪ್ರಕರಣಗಳು ಮಳವಳ್ಳಿ ಪಟ್ಟಣದಲ್ಲಿ ಕಂಡುಬಂದವು. ನಾಡಿನ ಅನೇಕ ಹಳ್ಳಿಗಳವರು ಊರ ದಾರಿಗೆ ಮುಳ್ಳು ಹಾಕಿ, ಕಲ್ಲು ಅಡ್ಡವಿಟ್ಟು, ಹೊರಗಿನವರು ಬರಬಾರದೆಂದು ಹಲಗೆ ಬರೆಸಿದರು. ಹಿಂದೆ ಪ್ಲೇಗಿನ ದಿನಗಳಲ್ಲಿ ಊರಿಗೆ ಊರೇ ಮನೆಗಳನ್ನು ಬಿಟ್ಟು ಹೊಲದ ಗುಡಿಸಲುಗಳಿಗೆ ಹೋಗುತ್ತಿದ್ದುದನ್ನು ಹಿರಿಯರಿಂದ ಕೇಳಿದ ನಾಡಿನಲ್ಲಿ ಈ ಭಯ ಸಹಜವಾದುದೇ.

ಮೇ ತಿಂಗಳಲ್ಲಿ ಮುಂಬಯಿಯಿಂದ ಜನ ಮರಳತೊಡಗಿದರು. ಅಲ್ಲಿ ಕೆಲಸವಿಲ್ಲ, ಬಾಡಿಗೆಗೆ ಹಣವಿಲ್ಲ, ರೋಗವೋ ದಿನದಿನಕ್ಕೆ ಏರುತ್ತಿದೆ. ಹುಟ್ಟಿದ ಊರಲ್ಲದೆ ಮತ್ತೆಲ್ಲಿಗೆ ಹೋದಾರು? ಮೇ ೧೮ರಂದು ಕರ್ನಾಟಕ ಸರ್ಕಾರವು ಮಹಾರಾಷ್ಟ್ರ, ಗುಜರಾತು, ತಮಿಳುನಾಡು, ಕೇರಳಗಳಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಪ್ರವೇಶವಿಲ್ಲವೆಂದು ಸಾರಿತು. ಮರುದಿನ ರಾಜ್ಯದಲ್ಲಿ ೧೪೯ ಹೊಸ ಪ್ರಕರಣಗಳು ವರದಿಯಾದವು. ಅವುಗಳಲ್ಲಿ ೭೧ ಮಂಡ್ಯ ಜಿಲ್ಲೆಯೊಂದರವೇ. ಅವರಲ್ಲಿ ಬಹುಮಂದಿ ಮುಂಬಯಿಯಿಂದ ಹಿಂದಿರುಗಿದವರು.

ಈ ೭೧ ಎಂಬ ಅಂಕಿಯನ್ನು ಹೇಗೆ ಓದಬೇಕು? ಅಂದು ಅನೇಕರು ಇದನ್ನು ಮುಂಬಯಿಯವರು ಊರಿಗೆ ತಂದ ಕೇಡೆಂದು ಓದಿದರು. ವಿಜ್ಞಾನದ ದೃಷ್ಟಿಯಿಂದ ಓದುವ ರೀತಿ ಬೇರೆ. ಬಂದವರನ್ನು ಹಾಸ್ಟೆಲು, ಶಾಲೆಗಳಲ್ಲಿ ಇಳಿಸಿ, ಊಟ ಕೊಟ್ಟು, ಗಂಟಲ ದ್ರವ ತೆಗೆದು ಪರೀಕ್ಷಿಸಿದ್ದರಿಂದಲೇ ಆ ಸಂಖ್ಯೆ ಕಣ್ಣಿಗೆ ಬಿತ್ತು. ಪರೀಕ್ಷೆಯಿಲ್ಲದೆ ಅವರನ್ನು ಊರ ಬಾಗಿಲಿನಿಂದ ಅಟ್ಟಿದ್ದರೆ ಅವರು ಮುಂಬಯಿಗೆ ಹಿಂದಿರುಗುತ್ತಿರಲಿಲ್ಲ. ರಾತ್ರಿಯ ಹೊತ್ತು ಅಡ್ಡದಾರಿ ಹಿಡಿದು ನೆಂಟರ ಮನೆಯ ಅಟ್ಟವನ್ನೋ ತೋಟದ ಮನೆಯನ್ನೋ ಸೇರುತ್ತಿದ್ದರು. ಆಗ ವರದಿಯಲ್ಲಿ ೭೧ರ ಬದಲು ಸೊನ್ನೆ ಇರುತ್ತಿತ್ತು. ಊರಿನಲ್ಲಿ ಮಾತ್ರ ರೋಗವಿರುತ್ತಿತ್ತು. ಪತ್ತೆಯಾದ ಸಂಖ್ಯೆ ದೊಡ್ಡದಾದಾಗ ಹೆದರುವವರು, ಪತ್ತೆಯಾಗದ ಸಂಖ್ಯೆಗೆ ಅದಕ್ಕಿಂತ ಹೆಚ್ಚಾಗಿ ಹೆದರಬೇಕು.

ಮಂಡ್ಯದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದವರಲ್ಲಿ ಹೊರಗಿನಿಂದ ಬಂದವರೂ ಇದ್ದರು, ಊರು ಬಿಟ್ಟು ಕದಲದವರೂ ಇದ್ದರು. ಮನೆಮನೆಗೆ ಹೋಗಿ ಜ್ವರ ವಿಚಾರಿಸಿದ ಆಶಾ ಕಾರ್ಯಕರ್ತೆಯರು ಇಬ್ಬರ ಬಾಗಿಲನ್ನೂ ತಟ್ಟಿದರು. ಈ ಕೆಲಸದಲ್ಲಿ ಕುಂದುಗಳು ಇರಲಿಲ್ಲವೆಂದಲ್ಲ. ಬಂದವರನ್ನು ಎಣಿಸಿ, ಪರೀಕ್ಷಿಸಿ, ಆರೈಕೆ ಮಾಡುವುದು ಆಗುವ ಕೆಲಸವೆಂಬುದಂತೂ ಸ್ಥಿರಪಟ್ಟಿತು.

ರೋಗ ಎತ್ತ ಹರಿಯುತ್ತದೆ?

ರೋಗವೆಂಬುದು ಯಾವಾಗಲೂ ಹೊರಗಿನಿಂದ ಒಳಕ್ಕೆ ಬರುತ್ತದೆಂಬ ನಂಬಿಕೆಯೂ ಅರೆಸತ್ಯವೇ. ಇದಕ್ಕೆ ಸಾಕ್ಷಿ ಮಂಡ್ಯದ ನೆಲದಲ್ಲಿಯೇ ಇದೆ. ೧೯೩೦ರ ದಶಕದಲ್ಲಿ ಇರ್ವಿನ್ ನಾಲೆಯ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆಯ, ನೀರು ಈ ಸೀಮೆಗೆ ಹರಿದು ರಾಗಿಯ ಹೊಲಗಳು ಬತ್ತ ಕಬ್ಬುಗಳ ಗದ್ದೆಗಳಾದುವು. ೧೯೩೩ರಲ್ಲಿ ಮೈಸೂರು ಸಕ್ಕರೆ ಕಂಪನಿ ಮಂಡ್ಯದಲ್ಲಿ ತಲೆಯೆತ್ತಿತು. ಜೊತೆಯಲ್ಲಿಯೇ ನಿಂತ ನೀರು, ಸಣ್ಣ ಕಾಲುವೆಗಳು, ಸೊಳ್ಳೆಗಳು ಹೆಚ್ಚಿ ಮಲೇರಿಯಾ ಹಬ್ಬಿತು. ಇಂತಹ ನೆಲಕ್ಕೆ ಒಣಸೀಮೆಯಿಂದ ಹೊಸದಾಗಿ ಬಂದ ಕೂಲಿಯವನ ಸ್ಥಿತಿಯನ್ನು ಯೋಚಿಸಿ. ಮಲೇರಿಯಾವನ್ನು ಪದೇ ಪದೇ ಅನುಭವಿಸಿದವರ ದೇಹದಲ್ಲಿ ಅಷ್ಟಿಷ್ಟು ತಾಳಿಕೆ ಹುಟ್ಟುತ್ತದೆ. ಹೊಸಬನಿಗೆ ಅದೂ ಇರುವುದಿಲ್ಲ. ಅವನು ರೋಗವನ್ನು ತಂದವನಲ್ಲ, ಇಲ್ಲಿ ಪಡೆದವನು. ಆದರೆ ಚಿಕಿತ್ಸೆಯಿಲ್ಲದೆ ಅವನು ಮಲಗಿದರೆ, ಅವನ ರಕ್ತ ಹೀರಿದ ಸೊಳ್ಳೆ ಆ ರೋಗಾಣುವನ್ನು ಊರಿಗೆ ಮರಳಿಸುತ್ತದೆ. ಯಾರು ಯಾರಿಗೆ ಕೊಟ್ಟರೆಂಬ ವಾಗ್ವಾದದಲ್ಲಿ ಕಾಲ ಕಳೆಯುವುದರಿಂದ ಲಾಭವಾಗುವುದು ಸೊಳ್ಳೆಗೆ ಮಾತ್ರ.

ಊರಿನವರ ಆತಂಕ

ಇಷ್ಟು ಹೇಳಿದ ಮೇಲೆ ಊರಿನವರ ಮಾತನ್ನೂ ಆಲಿಸಬೇಕು. “ನಮಗೇ ಹಾಸಿಗೆಯಿಲ್ಲ, ಬಂದವರಿಗೆ ಎಲ್ಲಿಂದ ಕೊಡೋಣ?” ಎಂಬ ಪ್ರಶ್ನೆಯನ್ನು ಸ್ವಾರ್ಥವೆಂದು ತಳ್ಳಿಹಾಕುವುದು ಸರಿಯಲ್ಲ. ೨೦೨೧ರ ಮೇ ತಿಂಗಳ ಮೊದಲಲ್ಲಿ ನೆರೆಯ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಅಭಾವದ ನಡುವೆ ಒಂದೇ ದಿನದೊಳಗೆ ೨೪ ಮಂದಿ ರೋಗಿಗಳು ಸತ್ತ ಸುದ್ದಿ ನಾಡನ್ನೇ ನಡುಗಿಸಿತು. ಅಂತಹ ಗಳಿಗೆಯಲ್ಲಿ ಒಂದು ಹಾಸಿಗೆ ಯಾರಿಗೆಂಬುದು ಜೀವನ್ಮರಣದ ಪ್ರಶ್ನೆ.

ಆದರೆ ಈ ಪ್ರಶ್ನೆಗೆ ಉತ್ತರ ಇದ್ದ ಹಾಸಿಗೆಗೆ ಬೇಲಿ ಹಾಕುವುದಲ್ಲ. ಇಬ್ಬರನ್ನೂ ಕೂಡಿಸಿ ಎಣಿಸಿ ಹಾಸಿಗೆಗಳನ್ನು ಹೆಚ್ಚಿಸುವುದು. ಬಾಂಗ್ಲಾದೇಶದ ಕಾಕ್ಸ್ ಬಜಾರಿನ ಉದಾಹರಣೆ ಇದಕ್ಕೆ ಬೆಳಕು ಕೊಡುತ್ತದೆ. ಅಲ್ಲಿನ ಉಖಿಯಾ, ಟೆಕ್ನಾಫ್ ಪ್ರಾಂತಗಳಲ್ಲಿ ಮ್ಯಾನ್ಮಾರಿನಿಂದ ಓಡಿಬಂದ ಎಂಟು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾ ಜನ ಬಿದಿರು ತಾಡಪತ್ರಿಗಳ ಗುಡಿಸಲುಗಳಲ್ಲಿದ್ದರು. ಊರಿನವರಿಗಿಂತ ಬಂದವರೇ ಹೆಚ್ಚು. ಶಿಬಿರದಲ್ಲಿ ಮೊದಲ ಕೊರೋನಾ ಪ್ರಕರಣ ೨೦೨೦ರ ಮೇ ೧೪ರಂದು ತಿಳಿದುಬಂದಿತು. ವಿಶ್ವಸಂಸ್ಥೆಯ ಶಾಖೆಗಳೂ ಇತರ ಸಂಸ್ಥೆಗಳೂ ಸೇರಿ ಅಲ್ಲಿ ಉಸಿರಾಟದ ರೋಗಗಳ ಚಿಕಿತ್ಸಾ ಕೇಂದ್ರಗಳನ್ನು ಕಟ್ಟಿದವು. ಅವುಗಳನ್ನು ನಿರಾಶ್ರಿತರಿಗೆ ಮಾತ್ರ ಮೀಸಲಿಡದೆ ಸುತ್ತಲಿನ ಹಳ್ಳಿಗಳ ಬಂಗಾಳಿ ರೈತರಿಗೂ ತೆರೆದಿಟ್ಟರು. ಬಂದವರ ಹೆಸರಿನಲ್ಲಿ ಬಂದ ಹಣದಿಂದ ಊರಿನವರಿಗೂ ಆಸ್ಪತ್ರೆ ದೊರೆಯಿತು. ಬಂದವರಿಗಾಗಿ ಬೇರೆ, ಇದ್ದವರಿಗಾಗಿ ಬೇರೆ ಎಂದು ಎರಡು ಕಟ್ಟಿದರೆ ಎರಡೂ ಬಡವಾಗುತ್ತವೆ. ಒಂದು ಕಡೆ ಹೊಟ್ಟೆಕಿಚ್ಚು, ಇನ್ನೊಂದು ಕಡೆ ಅವಮಾನ ಬೆಳೆಯುತ್ತವೆ.

ನಿರಾಶ್ರಿತರ ಶಿಬಿರ ಕೊಟ್ಟ ಔಷಧಿ

ನಿರಾಶ್ರಿತರಿಗೆ ಮಾಡಿದ ಚಿಕಿತ್ಸೆ ಆಶ್ರಯ ಕೊಟ್ಟ ದೇಶಕ್ಕೆ ಬಡ್ಡಿಸಹಿತ ಹಿಂದಿರುಗಿದ ನಿದರ್ಶನವೊಂದನ್ನು ಇಲ್ಲಿ ಹೇಳಲೇಬೇಕು. ೧೯೭೧ರಲ್ಲಿ ಬಾಂಗ್ಲಾದೇಶದ ವಿಮೋಚನಾ ಯುದ್ಧದಿಂದಾಗಿ ಸುಮಾರು ಒಂದು ಕೋಟಿ ಜನ ಭಾರತಕ್ಕೆ ಬಂದರು. ಗಡಿಯ ಬನಗಾಂವಿನ ಶಿಬಿರಗಳಲ್ಲಿ ಕಾಲರಾ ತಾಂಡವವಾಡಿತು. ಕಾಲರಾದಲ್ಲಿ ಸಾವು ಬರುವುದು ದೇಹದ ನೀರು ಉಪ್ಪುಗಳು ಬತ್ತಿಹೋಗುವುದರಿಂದ. ರಕ್ತನಾಳಕ್ಕೆ ಲವಣದ್ರವ ಏರಿಸುವುದೇ ಆಗಿನ ಚಿಕಿತ್ಸೆ; ಆದರೆ ಅಲ್ಲಿದ್ದ ಸೀಸೆಗಳು ಕೆಲವೇ ದಿನಗಳಲ್ಲಿ ಮುಗಿಯುವ ಸ್ಥಿತಿಗೆ ಬಂದವು. ಡಾಕ್ಟರ್ ದಿಲೀಪ್ ಮಹಾಲನಬಿಸ್ ಅವರು ಆಗ ಸಕ್ಕರೆಯ ಜಾತಿಯ ಗ್ಲೂಕೋಸು ೨೨ ಗ್ರಾಂ, ಅಡಿಗೆ ಉಪ್ಪು ೩.೫ ಗ್ರಾಂ, ಅಡಿಗೆ ಸೋಡ ೨.೫ ಗ್ರಾಂ ಇವನ್ನು ಒಂದು ಲೀಟರು ನೀರಿಗೆ ಬೆರಸಿ ಬಾಯಿಯ ಮೂಲಕವೇ ಕುಡಿಸುವ ಏರ್ಪಾಡು ಮಾಡಿದರು. ಕುಡಿಸುವವರು ದಾದಿಯರಲ್ಲ, ರೋಗಿಗಳ ತಾಯಂದಿರು, ಅಣ್ಣತಮ್ಮಂದಿರು.

ಇದರ ಹಿಂದಿನ ತತ್ತ್ವ ಸರಳ. ಕಾಲರಾ ತಗುಲಿದ ಕರುಳು ಬರಿಯ ಉಪ್ಪುನೀರನ್ನು ಹೀರಲಾರದು. ಆದರೆ ಗ್ಲೂಕೋಸಿನ ಜೊತೆಯಲ್ಲಿ ಬಂದರೆ ಉಪ್ಪನ್ನು ಒಳಕ್ಕೆ ಬಿಟ್ಟುಕೊಳ್ಳುತ್ತದೆ, ಉಪ್ಪಿನ ಹಿಂದೆ ನೀರೂ ಬರುತ್ತದೆ. ಎಂಟು ವಾರಗಳಲ್ಲಿ ೩,೭೦೦ಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆಯಾಯಿತು. ಮೊದಲು ನೂರಕ್ಕೆ ಸುಮಾರು ಮೂವತ್ತು ಮಂದಿ ಸಾಯುತ್ತಿದ್ದಲ್ಲಿ ಸಾವು ನೂರಕ್ಕೆ ೩.೬ಕ್ಕೆ ಇಳಿಯಿತು. ಪ್ರಯೋಗಶಾಲೆಗಳಲ್ಲಿ ಮೊದಲೇ ತಿಳಿದಿದ್ದ ಈ ಉಪಾಯವು ಬಡವರ ಗುಡಿಸಲಿನಲ್ಲಿ, ಕಲಿಯದವರ ಕೈಯಲ್ಲಿಯೂ ಫಲಿಸುತ್ತದೆಂದು ಜಗತ್ತಿಗೆ ಗೊತ್ತಾದದ್ದು ಆ ಶಿಬಿರದಿಂದ. ಇಂದು ಮದ್ದೂರು, ಮಳವಳ್ಳಿಗಳ ಅಂಗನವಾಡಿಗಳಲ್ಲಿ ಭೇದಿಯಾದ ಮಗುವಿಗೆ ಕಲಸಿ ಕುಡಿಸುವ ಓ.ಆರ್.ಎಸ್. ಪೊಟ್ಟಣ ಆ ಮಿಶ್ರಣದ ವಂಶದ್ದೇ. ಅಂದು ನಿರಾಶ್ರಿತರಿಗೆ ವೈದ್ಯಸಹಾಯ ಬೇಡವೆಂದಿದ್ದರೆ ಇಂದು ನಮ್ಮ ಮಕ್ಕಳು ಕುಡಿಯುವ ಆ ನೀರಿಗೆ ಎಷ್ಟು ವರ್ಷ ಕಾಯಬೇಕಾಗುತ್ತಿತ್ತೋ!

ಮುಚ್ಚಿದ ಬಾಗಿಲುಗಳು

ಸರ್ಕಾರಿ ಆಸ್ಪತ್ರೆಯ ಹೆಬ್ಬಾಗಿಲು ಹಗಲೆಲ್ಲ ತೆರೆದೇ ಇರುತ್ತದೆ. ಮತ್ತೆ ಯಾರೂ ಏಕೆ ಬರುವುದಿಲ್ಲ ಎಂದು ಕೇಳಬಹುದು. ಹೆಬ್ಬಾಗಿಲಿಗೆ ಮುಂಚೆ ಕಣ್ಣಿಗೆ ಕಾಣದ ನಾಲ್ಕು ಬಾಗಿಲುಗಳಿವೆ.

ಮೊದಲನೆಯದು ಕಾಗದದ ಬಾಗಿಲು. ೨೦೨೧ರ ಜನವರಿ ೧೬ರಂದು ದೇಶದಲ್ಲಿ ಕೊರೋನಾ ಲಸಿಕೆಯ ಕಾರ್ಯ ಆರಂಭವಾದಾಗ ಹೆಸರು ನೋಂದಾಯಿಸಲು ಗುರುತಿನ ಚೀಟಿ ಬೇಕಾಗಿತ್ತು. ಚೀಟಿಯಿಲ್ಲದ ಅಲೆಮಾರಿಗಳು, ಭಿಕ್ಷುಕರು, ವೃದ್ಧಾಶ್ರಮದವರು ಮೊದಲಾದವರು ಹೊರಗುಳಿದರು. ಮೇ ೬ರಂದು ಕೇಂದ್ರ ಆರೋಗ್ಯ ಮಂತ್ರಾಲಯವು ಹೊಸ ಕ್ರಮವೊಂದನ್ನು ಪ್ರಕಟಿಸಿ, ಜಿಲ್ಲಾಡಳಿತವೇ ಇಂಥವರನ್ನು ಪಟ್ಟಿಮಾಡಿ, ಜವಾಬ್ದಾರರೊಬ್ಬರ ಮೂಲಕ ಗುರುತಿಸಿ, ಚೀಟಿಯಿಲ್ಲದೆ ಲಸಿಕೆ ಹಾಕಬಹುದೆಂದು ತಿಳಿಸಿತು. ಪೋರ್ಚುಗಲ್ ದೇಶವು ೨೦೨೦ರ ಮಾರ್ಚಿಯಲ್ಲಿಯೇ, ವಾಸದ ಅನುಮತಿಗಾಗಿ ಅರ್ಜಿ ಹಾಕಿ ಕಾಯುತ್ತಿದ್ದ ಪರದೇಶೀಯರೆಲ್ಲರಿಗೂ ತಾತ್ಕಾಲಿಕವಾಗಿ ನಿವಾಸಿಗಳ ಹಕ್ಕು ಕೊಟ್ಟು ಆಸ್ಪತ್ರೆಯ ದಾರಿ ಬಿಡಿಸಿತ್ತು. ಜೋರ್ಡಾನ್ ೨೦೨೧ರ ಜನವರಿಯಲ್ಲಿ, ತನ್ನ ಪ್ರಜೆಗಳ ಜೊತೆಜೊತೆಗೇ ನಿರಾಶ್ರಿತರಿಗೂ ಲಸಿಕೆ ಹಾಕತೊಡಗಿತು.

ಎರಡನೆಯದು ಭಾಷೆಯ ಬಾಗಿಲು. ಎದೆಯಲ್ಲಿ ಏನೋ ಹಿಡಿದಂತಾಗುತ್ತದೆಂದು ಕನ್ನಡ ಬಾರದವನು ಹೇಗೆ ಹೇಳಬೇಕು? ಮೂರನೆಯದು ಕೂಲಿಯ ಬಾಗಿಲು. ಹೊರರೋಗಿಗಳನ್ನು ನೋಡುವ ಬೆಳಗಿನ ಹೊತ್ತೇ ಕಬ್ಬು ಕಡಿಯುವ ಹೊತ್ತೂ ಹೌದು. ಸಾಲಿನಲ್ಲಿ ನಿಂತರೆ ಆ ದಿನದ ಕೂಲಿ ಹೋಯಿತು. ನಾಲ್ಕನೆಯದು ಭಯದ ಬಾಗಿಲು. ರೋಗವೆಂದು ತಿಳಿದರೆ ಮೇಸ್ತ್ರಿ ಕೆಲಸದಿಂದ ತೆಗೆದಾನು, ಊರಿನವರು ಬಯ್ದಾರು, ಪೋಲೀಸಿನವರು ಹಿಡಿದಾರು ಎಂಬ ಅಂಜಿಕೆ. ಈ ಅಂಜಿಕೆಯೇ ರೋಗದ ಅತ್ಯುತ್ತಮ ಗೆಳೆಯ.

ನ್ಯಾಯದ ಮಾತನ್ನು ಒಂದೇ ವಾಕ್ಯದಲ್ಲಿ ಹೇಳಿಬಿಡಬಹುದು. ಭಾರತವು ೧೯೫೧ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿದ ದೇಶವಲ್ಲದಿದ್ದರೂ, ಚಕ್ಮಾ ನಿರಾಶ್ರಿತರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೧೯೯೬ರಲ್ಲಿ, ಪ್ರಜೆಯಾಗಲಿ ಅಲ್ಲದವನಾಗಲಿ, ಪ್ರತಿಯೊಬ್ಬ ಮನುಷ್ಯನ ಪ್ರಾಣವನ್ನು ರಕ್ಷಿಸುವುದು ರಾಜ್ಯದ ಕರ್ತವ್ಯವೆಂದು ತೀರ್ಪು ಕೊಟ್ಟಿದೆ.

ಪಿಡುಗು ಬರುವ ಮುನ್ನ

ಇದೆಲ್ಲ ನಮ್ಮ ಶಕ್ತಿಗೆ ಮೀರಿದ್ದೆಂದು ಕೈಚೆಲ್ಲಬೇಕಾದುದಿಲ್ಲ. ಪೋಲಿಯೋ ವಿಷಯದಲ್ಲಿ ನಾವು ಇದನ್ನು ಮಾಡಿ ತೋರಿಸಿದ್ದೇವೆ. ಪಲ್ಸ್ ಪೋಲಿಯೋ ದಿನಗಳಲ್ಲಿ ಬಸ್ಸಿನ ನಿಲ್ದಾಣ, ರೈಲು ನಿಲ್ದಾಣಗಳಲ್ಲಿ ಬೂತುಗಳನ್ನು ತೆರೆದು, ಇಟ್ಟಿಗೆ ಗೂಡು, ಕಟ್ಟಡದ ಕೆಲಸದ ಜಾಗ, ಅಲೆಮಾರಿಗಳ ಬಿಡಾರ ಇವನ್ನು ಪ್ರತ್ಯೇಕವಾಗಿ ಪಟ್ಟಿಮಾಡಿ, ಮಗು ಯಾರದೆಂದು ಕೇಳದೆ ಎರಡು ಹನಿ ಹಾಕಿದೆವು. ೨೦೧೧ರ ಜನವರಿಯಿಂದೀಚೆಗೆ ದೇಶದಲ್ಲಿ ಕಾಡು ಪೋಲಿಯೋ ವೈರಸ್ಸಿನ ಪ್ರಕರಣವಿಲ್ಲ. ೨೦೧೪ರ ಮಾರ್ಚ್ ೨೭ರಂದು ಆ ಜಯ ಅಧಿಕೃತವಾಯಿತು. ಸಿಕ್ಕದ ಮಗುವನ್ನು ಹುಡುಕಿಕೊಂಡು ಹೋದದ್ದರಿಂದ ಸಿಕ್ಕ ಮಕ್ಕಳೆಲ್ಲರೂ ಉಳಿದರು.

ಸಾಧನಗಳೂ ನಮ್ಮಲ್ಲಿವೆ. ಗರ್ಭಿಣಿಯ ಪರೀಕ್ಷೆಗಳನ್ನೂ ಮಗುವಿನ ಲಸಿಕೆಗಳನ್ನೂ ಬರೆದಿಡುವ ತಾಯಿ ಕಾರ್ಡು ಊರು ಬದಲಾದರೂ ತಾಯಿಯ ಕೈಯಲ್ಲಿರುತ್ತದೆ. ಕ್ಷಯರೋಗಿಗೆ ಕೊಡುವ ನಿಕ್ಷಯ್ ಸಂಖ್ಯೆಯಿಂದ, ಬಳ್ಳಾರಿಯಲ್ಲಿ ಆರಂಭಿಸಿದ ಮಾತ್ರೆಗಳನ್ನು ಅವನು ಕಬ್ಬಿನ ಕಾಲದಲ್ಲಿ ಮಂಡ್ಯದಲ್ಲಿಯೂ ಮುಂದುವರಿಸಬಹುದು. ಆರು ತಿಂಗಳ ಚಿಕಿತ್ಸೆಯನ್ನು ನಡುವೆ ಬಿಟ್ಟವನ ದೇಹದಲ್ಲಿ ಔಷಧಿಗೆ ಬಗ್ಗದ ಕ್ಷಯ ಬೆಳೆಯಬಹುದು. ಅದು ಹಬ್ಬುವುದು ಅವನು ಆಗ ಇರುವ ಊರಿನಲ್ಲಿ. ಆದುದರಿಂದ ಅವನ ಮಾತ್ರೆಯ ಚಿಂತೆ ಆ ಊರಿನದೂ ಆಗಿರಬೇಕು.

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ ಮಾಡಬೇಕಾದ ಕೆಲಸಗಳನ್ನು ಹೀಗೆ ಸಂಗ್ರಹಿಸಬಹುದು. ಕಬ್ಬು ಕಡಿಯುವ ಕಾಲ ಆರಂಭವಾಗುವ ಮುನ್ನವೇ ಪ್ರತಿ ಗ್ರಾಮ ಪಂಚಾಯಿತಿಯೂ ತನ್ನ ಎಲ್ಲೆಯ ಆಲೆಮನೆ, ಇಟ್ಟಿಗೆ ಗೂಡು, ಕಟ್ಟಡದ ಕೆಲಸ ಇವುಗಳಲ್ಲಿರುವ ಜನರನ್ನು ಎಣಿಸಿ ಆರೋಗ್ಯ ಕೇಂದ್ರಕ್ಕೆ ಪಟ್ಟಿ ಕೊಡಬೇಕು. ಆ ಪಟ್ಟಿ ಪೋಲೀಸಿನವರ ಕೈಗೆ ಹೋಗಬಾರದು. ಔಷಧಿ ಲಸಿಕೆಗಳ ಬೇಡಿಕೆಯಲ್ಲಿ ಅವರ ತಲೆಯೂ ಸೇರಬೇಕು. ವಾರಕ್ಕೊಮ್ಮೆಯಾದರೂ ಸಂಜೆಯ ಹೊತ್ತು ಆರೋಗ್ಯ ಸಿಬ್ಬಂದಿ ಜೋಪಡಿಗಳ ಬಳಿಗೇ ಹೋಗಬೇಕು. ಕೆಲಸಗಾರರಲ್ಲಿಯೇ ಕನ್ನಡ ಬಲ್ಲ ಒಬ್ಬರನ್ನೋ ಇಬ್ಬರನ್ನೋ ಗುರುತಿಸಿ ದುಭಾಷಿಗಳಾಗಿ ಇಟ್ಟುಕೊಳ್ಳಬೇಕು. ಜ್ವರ ಬಂದವನ ಕೂಲಿಯನ್ನು ಕಡಿಯುವುದಿಲ್ಲವೆಂದು ಗುತ್ತಿಗೆದಾರನಿಂದ ಮೊದಲೇ ಒಪ್ಪಿಗೆ ಪಡೆಯಬೇಕು. ಇವುಗಳಲ್ಲಿ ಹೆಚ್ಚು ಹಣ ಬೇಡುವ ಕೆಲಸ ಒಂದೂ ಇಲ್ಲ.

ಮುಂದಿನ ಪಿಡುಗು ಯಾವುದು, ಎಂದು, ಯಾವ ದಾರಿಯಿಂದ ಬರುತ್ತದೆಂದು ಹೇಳಬಲ್ಲವರಿಲ್ಲ. ಅದು ಮೊದಲು ಯಾವ ಮನೆಯ ಬಾಗಿಲನ್ನು ತಟ್ಟೀತೆಂಬುದನ್ನು ಮಾತ್ರ ಊಹಿಸಬಹುದು. ನಮ್ಮ ಪಟ್ಟಿಯಲ್ಲಿ ಯಾವ ಮನೆಯ ಹೆಸರಿಲ್ಲವೋ ಆ ಮನೆಯ ಬಾಗಿಲನ್ನು. ಪಟ್ಟಿಯನ್ನು ತಿದ್ದಿಕೊಳ್ಳಲು ರೋಗವಿಲ್ಲದ ದಿನಗಳೇ ತಕ್ಕ ಕಾಲ.